ನಾಲ್ಕು ಬೊಟ್ಟಿನವರು

ಜನರ ಮುಖ ನನಗೆ ಅಷ್ಟಾಗಿ ನೆನಪಿರುವುದಿಲ್ಲ. ತೋಳು ತೋರಿಸಿದರೆ ಗುರುತು ಹಿಡಿಯುತ್ತೇನೆ. ಹುಣಸೂರಿನ ಸಂತೆಯಲ್ಲಿ ಸೊಪ್ಪಿನ ಕಂತೆ ಎತ್ತಿಕೊಡುವವರ ರಟ್ಟೆ ಕಂಡರೆ ಈಗಲೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಇದಕ್ಕಾಗಿ ನನ್ನ ಹೆಂಡತಿ ಸಂತೆಯ ನಡುವೆಯೇ ನನ್ನನ್ನು ಬೈದದ್ದುಂಟು. ಏನು ಮಾಡಲಿ, ಕೆಲಸ ಬಿಟ್ಟರೂ ಚಾಳಿ ಬಿಟ್ಟಿಲ್ಲ. ಸಿಡುಬು ಬಾರದ ಹಾಗೆ ದಾಕು ಹಾಕುವುದು ನನ್ನ ಕೆಲಸವಾಗಿತ್ತು. ಹುಣಸೂರು, ಪಿರಿಯಾಪಟ್ಟಣ, ಎಡತೊರೆ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕಿನಲ್ಲೇ ನನ್ನ ಆಯಸ್ಸಿನ ಬಹುಪಾಲು ಕಳೆಯಿತು. ಎಡತೊರೆಯವರು ಹೊಳೆ ಪಕ್ಕದಿಂದ ಎದ್ದು ಹೋಗಿ ಕೃಷ್ಣರಾಜನಗರದವರಾದದ್ದೂ ನನ್ನ ಕಣ್ಣೆದುರೇ. ಹಳ್ಳಿಗಳಲ್ಲಿ ದೊಡ್ಡವರು ನನ್ನನ್ನು ದಾಕಿನಯ್ನೋರು ಎಂದು ಕರೆದರು. ಮಕ್ಕಳು ಏನೆಂದು ಕರೆದರೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಈಗ ಕೆಲಸಕ್ಕೆ ಸೇರುತ್ತಿರುವವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬಡ್ತಿ ಯಾವಾಗ, ವರ್ಗ ಎಲ್ಲಿಗೆ ಎಂದು ಕೇಳುತ್ತಾರೆ. ಅದು ನನಗೆ ಗೊತ್ತಿದ್ದಿದ್ದರೆ ನಾನೇ ಬಳಸಿಕೊಳ್ಳುತ್ತಿದ್ದೆ. ನನಗೆ ಗೊತ್ತಿರುವುದು ಬೇರೆ ವಿಷಯ. ಊರುಗಳು ಹೇಗೆ ಬೆಳೆಯುತ್ತವೆ, ಹೇಗೆ ಸೊರಗುತ್ತವೆ ಎನ್ನುವುದನ್ನು ನಾನು ತೋಳು ನೋಡಿ ಕಲಿತೆ. ಅದನ್ನು ಹೇಳುತ್ತೇನೆ, ಕೇಳುವ ತಾಳ್ಮೆ ಇದ್ದರೆ ಕೇಳಲಿ.

ಮೊದಲನೆಯದಾಗಿ, ಮನೆಯವರು ಮಕ್ಕಳಿಲ್ಲ ಎಂದರೆ ನಂಬಬಾರದು. ನಾನು ಊರ ಬಾಗಿಲಲ್ಲಿ ಕಾಣಿಸಿಕೊಂಡ ತಕ್ಷಣ ಮಕ್ಕಳೆಲ್ಲ ಮಾಯವಾಗುತ್ತಿದ್ದರು. ಅಟ್ಟದ ಮೇಲೆ, ಹುಲ್ಲಿನ ಮೆದೆಯ ಹಿಂದೆ, ಎಲ್ಲಕ್ಕಿಂತ ಹೆಚ್ಚಾಗಿ ವಾಡೆಯಲ್ಲಿ. ವಾಡೆ ಎಂದರೆ ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ಕಣಜ. ಹುಣಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ವಾಡೆಗೆ ಬೆನ್ನು ಕೊಟ್ಟು ನಿಂತು, "ನನ್ ಮನೇಲಿ ಮಕ್ಳೂ ಇಲ್ಲ ಮರಿನೂ ಇಲ್ಲ, ಓಗಿ ಸ್ವಾಮಿ. ಅಮ್ಮ ಬರೋದ ತಡ್ಯಾಕೆ ನೀವ್ಯಾರು?" ಎಂದು ಜೋರು ಮಾಡುತ್ತಿದ್ದಾಗ, ವಾಡೆ ಒಳಗಿಂದ ಸೀನು ಬಂತು. ರಾಗಿ ದೂಳು ಮೂಗಿಗೆ ಹೋದರೆ ಯಾವ ಅಜ್ಜಿಯೂ ಏನೂ ಮಾಡಲಾರಳು. ಆಮೇಲೆ ಇನ್ನೊಂದು ಸೀನು ಬಂತು, ಅದು ಬೇರೆ ಮೂಗಿನದು. ಅಜ್ಜಿಗೂ ನಗು ತಡೆಯಲಾಗಲಿಲ್ಲ. ಆ ದಿನದಿಂದ ನಾನು ಯಾವ ಮನೆಗೆ ಹೋದರೂ ಮೊದಲು ವಾಡೆಯ ಬಾಯಿ ನೋಡುತ್ತಿದ್ದೆ.

ಎರಡನೆಯದು, ನಮ್ಮ ಹತಾರಗಳು. ನಾನು ಸೇರಿದಾಗ ಸಣ್ಣ ಚೂರಿಯಂಥ ಅಲಗಿನಿಂದ ರಟ್ಟೆ ಮೇಲೆ ಗೀರಿ ಔಷಧ ಸವರುತ್ತಿದ್ದೆವು. ವಾಸಿಯಾದ ಮೇಲೆ ಉದ್ದನೆಯ ಗೀರು ಉಳಿಯುತ್ತಿತ್ತು. ಯುರೋಪಿನ ಮೊದಲ ದೊಡ್ಡ ಯುದ್ಧ ಮುಗಿಯುವ ವರ್ಷ ಹೊಸ ಹತಾರ ಬಂತು. ತುದಿಯಲ್ಲಿ ಪುಟ್ಟ ಹಲ್ಲುಗಳಿದ್ದ ಅದನ್ನು ಚರ್ಮದ ಮೇಲೆ ಒತ್ತಿ ತಿರುಗಿಸಬೇಕು. ನಾವು ಅದನ್ನು ತಿರುಗಣೆ ಎಂದೆವು. ಅದರದು ದುಂಡನೆಯ ಕಲೆ, ಜನ ಅದನ್ನು ಬೊಟ್ಟು ಎಂದರು. ಮೊದಮೊದಲು ಪ್ರತಿ ಮಗುವಿಗೆ ನಾಲ್ಕು ಬೊಟ್ಟು ಹಾಕಬೇಕೆಂದು ಹುಕುಂ ಇತ್ತು. ಕೆಲವು ವರ್ಷದ ಮೇಲೆ ಎರಡೇ ಸಾಕು ಎಂದು ಇನ್ನೊಂದು ಹುಕುಂ ಬಂತು. ಹೀಗಾಗಿ ನನಗೆ ಯಾರ ವಯಸ್ಸನ್ನೂ ಕೇಳಬೇಕಾಗಿರಲಿಲ್ಲ. ಗೀರಿನವರು ಹಳಬರು, ನಾಲ್ಕು ಬೊಟ್ಟಿನವರು ನಡುವಿನವರು, ಎರಡು ಬೊಟ್ಟಿನವರು ಹೊಸಬರು. ಹೆಂಗಸರು ವಯಸ್ಸು ಕಡಿಮೆ ಮಾಡಿ ಹೇಳಿದರೆ ತೋಳು ನಿಜ ಹೇಳಿಬಿಡುತ್ತಿತ್ತು.

ಇನ್ನು ಮೇಲಧಿಕಾರಿಗಳ ವಿಷಯ. ಶಾಮಣ್ಣ ಎಂಬ ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯರು, ಕುದುರೆ ಮೇಲಿಂದ ಇಳಿಯಲು ಮಾತ್ರ ಸೋಮಾರಿತನ. ಒಮ್ಮೆ ಅವರು ಪಿರಿಯಾಪಟ್ಟಣದ ಕಡೆಯ ಕಂಚಿನಕೊಪ್ಪಲಿಗೆ ಬಂದರು. ಆ ಊರಿನ ಗಂಡಸರು ಆಗ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಹಿಂದೆ ಮನೆ ತುಂಬ ಮಕ್ಕಳಿದ್ದ ಊರಲ್ಲಿ ಈಗ ಒಬ್ಬ ತಾಯಿಗೆ ಎರಡು, ಹೆಚ್ಚೆಂದರೆ ಮೂರು. ಒಬ್ಬ ಸೊಸೆ ಇನ್ಸ್‌ಪೆಕ್ಟರ ಎದುರೇ ಹೇಳಿದಳು: "ನಮ್ಮತ್ತೆ ಒಂಬತ್ತು ಎತ್ತಿದ್ರು ಸ್ವಾಮಿ. ನನ್ ಗಂಡ ಬರೋದು ಉಗಾದಿಗೆ, ಓಗೋದು ಮಾರ್ನೇ ವಾರ. ನಂಗೆ ಎಲ್ಲಿಂದ ಒಂಬತ್ತು?" ಶಾಮಣ್ಣನವರು ನಾಚಿಕೊಂಡು ಕುದುರೆ ತಿರುಗಿಸಿದರು. ದಾರಿಯಲ್ಲಿ, "ಇನ್ನು ಈ ಊರಿಗೆ ಅರ್ಧ ಔಷಧ ಸಾಕು ಕಣಯ್ಯ, ಮಕ್ಕಳೇ ಕಡಿಮೆ" ಎಂದರು. ಮುಂದಿನ ಸಲ ಹಾಗೇ ಅರ್ಧ ಕಳಿಸಿದರು.

ಔಷಧ ಬೆಂಗಳೂರಿನಿಂದ ಸಣ್ಣ ಗಾಜಿನ ಕೊಳವೆಗಳಲ್ಲಿ ಬರುತ್ತಿತ್ತು. ಬಿಸಿಲಿಗೆ ಕೆಡದ ಹಾಗೆ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಕುಡಿಕೆಯಲ್ಲಿಟ್ಟು ಒಯ್ಯುತ್ತಿದ್ದೆ. ಆ ಸಲ ಕಂಚಿನಕೊಪ್ಪಲಿನ ಅರ್ಧ ಕೇರಿ ಮುಗಿಯುವ ಹೊತ್ತಿಗೆ ಕುಡಿಕೆ ಬರಿದಾಯಿತು. ಇನ್ನೂ ಎಷ್ಟೋ ತಾಯಂದಿರು ಸಾಲಿನಲ್ಲಿ ನಿಂತಿದ್ದರು. ಅಷ್ಟು ವರ್ಷ ನಾನು ಬೆನ್ನಟ್ಟಿ ಹಿಡಿಯುತ್ತಿದ್ದವರು ಆ ದಿನ ತಾವಾಗಿ ಬಂದಿದ್ದರು, ನನ್ನ ಹತ್ತಿರ ಔಷಧ ಇರಲಿಲ್ಲ. ನನಗೆ ಬಿದ್ದ ಬೈಗುಳ ಕೊಡಗಿಗೂ ಕೇಳಿಸಿರಬೇಕು.

ಹಿಂದಿರುಗುವಾಗ ನನಗೆ ತಲೆ ಕೆರೆಯುವಂತಾಯಿತು. ಒಬ್ಬೊಬ್ಬ ತಾಯಿಗೂ ಮಕ್ಕಳು ಕಡಿಮೆಯಾದದ್ದು ನಿಜ. ಆದರೆ ಊರಿನಲ್ಲಿ ಮಕ್ಕಳು ಹೆಚ್ಚಾದದ್ದೂ ನಿಜ. ಎರಡೂ ಹೇಗೆ ನಿಜ? ಊರ ಹೊರಗೆ ಹೊಸದಾಗಿ ಎದ್ದಿದ್ದ ಗುಡಿಸಲುಗಳನ್ನು ನೋಡುತ್ತ ನಿಂತೆ. ಆ ಅತ್ತೆಯಂದಿರು ಹೆತ್ತಿದ್ದ ಒಂಬತ್ತೊಂಬತ್ತು ಮಕ್ಕಳು ಈಗ ದೊಡ್ಡವರಾಗಿ ಬೇರೆ ಬೇರೆ ಒಲೆ ಹೂಡಿದ್ದರು. ಒಂದು ಮಡಿಲಿದ್ದ ಕಡೆ ಈಗ ಐದಾರು ಮಡಿಲು. ತೂಗುವ ಕೈ ತೆಗೆದ ಮೇಲೂ ತೊಟ್ಟಿಲು ಸ್ವಲ್ಪ ಹೊತ್ತು ತೂಗುತ್ತದಲ್ಲ, ಊರೂ ಹಾಗೇ ಎಂದುಕೊಂಡೆ. ಇದನ್ನು ಶಾಮಣ್ಣನವರಿಗೆ ಹೇಳಿದಾಗ, "ಅಂಥ ತತ್ವ ಎಲ್ಲ ಇಟ್ಟುಕೋ, ಮುಂದಿನ ಸಲ ಪೂರ್ತಿ ಔಷಧ ಕಳಿಸುತ್ತೇನೆ" ಎಂದರು. ಕಳಿಸಿದರು ಕೂಡ.

ಇದರ ತಿರುವುಮುರುವು ಎಲ್ಲಾದರೂ ಇರಬಹುದೇ ಎಂಬ ಯೋಚನೆ ಆಗ ನನಗೆ ಹೊಳೆದಿರಲಿಲ್ಲ. ಅದು ಕಂಡದ್ದು ಕೋಟೆ ತಾಲ್ಲೂಕಿನ ಸೀಗೆಮಾಳದಲ್ಲಿ.

ಸೀಗೆಮಾಳ ಅಂತರಸಂತೆಯಿಂದ ಕಾಕನಕೋಟೆ ಕಾಡಿನ ಕಡೆಗೆ ಹೋಗುವಾಗ ಸಿಗುತ್ತಿದ್ದ ಸಣ್ಣ ಊರು. ಆನೆ ಕಾಟ, ಚಳಿಜ್ವರದ ಕಾಟ. ಬಯಲು ಸೀಮೆಯವರು ಆ ಊರಿಗೆ ಹೆಣ್ಣು ಕೊಡುತ್ತಿರಲಿಲ್ಲ. ಹಾಗಾಗಿ ಅಲ್ಲಿ ಅಕ್ಕನ ಮಗಳು, ಮಾವನ ಮಗಳು ಎಂದು ತಮ್ಮತಮ್ಮಲ್ಲೇ ಮದುವೆ. ಊರಿನ ಹೆಣ್ಣು ಊರಿನಲ್ಲೇ ಸೊಸೆಯಾಗುತ್ತಿದ್ದಳು. ಕೆಲಸದ ಮೊದಲ ವರ್ಷಗಳಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ನಡುವೆ ಎಡತೊರೆ ಕಡೆಗೆ ವರ್ಗವಾಗಿ ಹದಿನೈದು ವರ್ಷಕ್ಕೂ ಮಿಕ್ಕಿ ಆ ಕಡೆ ತಲೆ ಹಾಕಿರಲಿಲ್ಲ. ಮತ್ತೆ ಕೋಟೆಗೆ ಬಂದಾಗ ಅಂತರಸಂತೆಯ ಹತ್ತಿರ ಸಿಡುಬು ಕಾಣಿಸಿತ್ತು. ಮಕ್ಕಳು ಮುದುಕರೆನ್ನದೆ ಎಲ್ಲರಿಗೂ ದಾಕು ಹಾಕಬೇಕೆಂದು ಹುಕುಂ ಆಗಿ, ನಾನು ಸೀಗೆಮಾಳಕ್ಕೆ ಹೊರಟೆ.

ಯಜಮಾನ ಕರೀಗೌಡರ ಜಗಲಿಯಲ್ಲಿ ಕುಡಿಕೆ ಇಳಿಸಿ, ಮೊದಲು ಎಳೆಮಕ್ಕಳನ್ನು ಕರೆಸಿ ಎಂದೆ. ನಾಲ್ಕೈದು ತಾಯಂದಿರು ಬಂದರು. ಮಿಕ್ಕವರು ಎಲ್ಲಿ ಎಂದೆ.

"ಅಷ್ಟೇ ಕಣ್ರೀ ಅಯ್ನೋರೇ. ಇನ್ನಿಲ್ಲ" ಎಂದರು ಗೌಡರು.

ನನಗೆ ಗೊತ್ತಿಲ್ಲದ ಆಟವೇ? ನಾನು ನಗುತ್ತ ಎದ್ದು ಅವರ ಮನೆಯ ವಾಡೆಗೆ ಕೈ ಹಾಕಿದೆ. ರಾಗಿ. ಪಕ್ಕದ ಮನೆಯ ವಾಡೆ, ಅಲ್ಲೂ ರಾಗಿ. ಮೂರನೆಯ ಮನೆಯಲ್ಲಿ ಅಟ್ಟ ಹತ್ತಿದರೆ ಅಲ್ಲಿ ಕಂಡದ್ದು ಬೋರಲು ಹಾಕಿದ ತೊಟ್ಟಿಲು, ಅದರ ಮೇಲೆ ಜೇಡರ ಬಲೆ. ಕೆಳಗಿಳಿದಾಗ ಗೌಡರು ಅಂಗಳದಲ್ಲೇ ನಿಂತಿದ್ದರು.

"ಉಡುಕಿ ಅಯ್ನೋರೇ, ಚೆನ್ನಾಗಿ ಉಡುಕಿ. ಒಂದಾದ್ರೂ ಸಿಕ್ಕುದ್ರೆ ನಂಗೂ ತೋರ್ಸಿ" ಎಂದರು. ನನ್ನ ನಗು ಅಲ್ಲೇ ನಿಂತಿತು.

ಐದಾರು ವರ್ಷದಿಂದ ಊರಿನಲ್ಲಿ ತೊಟ್ಟಿಲು ಕಟ್ಟುವುದೇ ಅಪರೂಪವಾಗಿತ್ತಂತೆ. ಅದಕ್ಕೆ ಕಾರಣವನ್ನೂ ಊರು ಕಂಡುಹಿಡಿದಿತ್ತು. ಹಿಂದಿನ ಸೂಲಗಿತ್ತಿ ತೀರಿಕೊಂಡು ಆಕೆಯ ಸೊಸೆ ಚಿಕ್ಕತಾಯಿ ಕೈ ಹಾಕಿದ್ದೂ ಆ ಹೊತ್ತಿನಲ್ಲೇ. ಅವಳ ಕೈಗುಣ ಸರಿಯಿಲ್ಲ, ಅವಳು ಮುಟ್ಟಿದ ಊರಲ್ಲಿ ಬಸಿರು ನಿಲ್ಲುತ್ತಿಲ್ಲ ಎಂದು ಮಾತು ಹುಟ್ಟಿತ್ತು. ವೈದ್ಯನಾಗಲಿ ಸೂಲಗಿತ್ತಿಯಾಗಲಿ, ನಮ್ಮ ಕಡೆ ಕೈಗುಣ ಕೆಟ್ಟಿತೆಂದರೆ ಮುಗಿಯಿತು. ಅದಕ್ಕೆ ಸಾಕ್ಷಿ ಬೇಡ, ವಿಚಾರಣೆ ಬೇಡ. ಅವಳ ಮನೆಗೆ ಬೆಂಕಿ ಕೇಳಲು ಹೋಗುವವರಿರಲಿಲ್ಲ, ಬಾವಿಯಲ್ಲಿ ಅವಳು ಸೇದಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಸೇದುತ್ತಿದ್ದರು. ಗೌಡರ ಸೊಸೆ ನಿಂಗಮ್ಮ ಆಗ ತುಂಬಿದ ಬಸುರಿ. ನೋವು ಶುರುವಾದ ಕೂಡಲೇ ಗಾಡಿ ಕಟ್ಟಿ ಅಂತರಸಂತೆಯ ಸೂಲಗಿತ್ತಿಯ ಬಳಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ನಡುವೆ ಹಳ್ಳ, ಮಳೆ ಬಿದ್ದರೆ ಗಾಡಿ ದಾಟುವುದಿಲ್ಲ. ಅದು ಗೊತ್ತಿದ್ದೂ ತೀರ್ಮಾನವಾಗಿತ್ತು.

ಚಿಕ್ಕತಾಯಿಯನ್ನು ನಾನು ಬಲ್ಲೆ. ಎಳೆಯ ಸೊಸೆಯಾಗಿದ್ದಾಗ, ನಾನು ದಾಕು ಹಾಕುವಾಗ ಮಕ್ಕಳ ತೋಳು ಹಿಡಿದುಕೊಳ್ಳುತ್ತಿದ್ದವಳು ಅವಳೇ. ಅವಳು ಹಿಡಿದರೆ ಮಗು ಅಳುವುದನ್ನೇ ಮರೆಯುತ್ತಿತ್ತು. ಅವಳ ಮನೆಗೆ ಹೋದೆ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗೆ ಹೊರಟೆ ತಾಯಿ?"

"ಗುರುಪುರಕ್ಕೆ ಅಯ್ನೋರೇ, ನಮ್ಮಣ್ಣನ ಮನ್ಗೆ. ಈ ವಾರ ಕಳ್ದು ಓಯ್ತೀನಿ. ನಿಂಗವ್ವಂದು ಒಂದು ಸುಸೂತ್ರ ಆಯ್ತು ಅಂತ ಕಿವೀಲಿ ಕೇಳ್ಕಂಡು ಓಗವಾ ಅಂತ ಕಾಯ್ತಾವ್ನಿ. ಮಗ ಅಡ್ಡ ತಿರುಗದೆ ಅಂತ ಅವಳ ನಡಿಗೆ ನೋಡುದ್ರೇ ಗೊತ್ತಾಯ್ತದೆ. ಯೋಳುದ್ರೆ ಕೇಳೋರ್ಯಾರು?"

"ನಿನಗೇನನಿಸುತ್ತದೆ? ಊರಲ್ಲಿ ಮಕ್ಕಳೇಕೆ ಆಗುತ್ತಿಲ್ಲ?"

ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. "ದಿನಾ ನೋಡ್ಕತೀನಿ ಅಯ್ನೋರೇ. ಇದರಲ್ಲೇ ಏನಾರಾ ಐತೇನೋ" ಎಂದಳು. ಊರಿನವರ ಮಾತಿಗಿಂತ ಅವಳ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು. ಅವಳೂ ನಂಬತೊಡಗಿದ್ದಳು.

ನನಗೆ ಕೈಗುಣದ ಬಗ್ಗೆ ವಾದ ಮಾಡುವ ಮನಸ್ಸಿರಲಿಲ್ಲ, ನನ್ನದೇ ಕೈಗುಣ ಚೆನ್ನಾಗಿದೆ ಎಂದು ಜನ ಹೇಳಿದಾಗ ಹಿಗ್ಗಿದವನು ನಾನು. ಆದರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಬಂದಿದ್ದ ನಾಲ್ಕೈದು ತಾಯಂದಿರನ್ನು ಕೇಳಿದರೆ ಒಬ್ಬೊಬ್ಬಳಿಗೂ ಮಕ್ಕಳು ಸರಿಯಾಗಿಯೇ ಆಗಿದ್ದವು, ವರ್ಷ ಬಿಟ್ಟು ವರ್ಷ. ಎಲ್ಲವನ್ನೂ ಹಿಡಿದವಳು ಚಿಕ್ಕತಾಯಿಯೇ. ಬಸಿರು ನಿಲ್ಲುತ್ತಿಲ್ಲ ಎನ್ನುವುದೇ ಸುಳ್ಳು. ಹಾಗಿದ್ದರೆ ಮಕ್ಕಳೆಲ್ಲಿ? ಕಂಚಿನಕೊಪ್ಪಲಿನ ಸಾಲು ನೆನಪಾಯಿತು. ಅಲ್ಲಿ ತಾಯಿಗೆ ಮಕ್ಕಳು ಕಡಿಮೆ, ಊರಿಗೆ ಹೆಚ್ಚು. ಇಲ್ಲಿ ತಾಯಿಗೆ ಮಕ್ಕಳಿದ್ದಾರೆ, ಊರಿಗಿಲ್ಲ. ನಾನು ಇಷ್ಟು ಹೊತ್ತು ಇಲ್ಲದ ಮಕ್ಕಳನ್ನು ಹುಡುಕುತ್ತಿದ್ದೆ. ಹುಡುಕಬೇಕಾದದ್ದು ಇಲ್ಲದ ತಾಯಂದಿರನ್ನು.

ಮಾರನೆಯ ಬೆಳಿಗ್ಗೆ ಊರಿನವರೆಲ್ಲ ಹೊಂಗೆ ಮರದ ಕೆಳಗೆ ಸೇರಿದರು. ಎಲ್ಲರಿಗೂ ದಾಕು ಹಾಕಬೇಕಿತ್ತಲ್ಲ, ತೋಳು ನೋಡಲು ನನಗೆ ಹಕ್ಕಿತ್ತು. ಗೀರು ಇದ್ದವರನ್ನು ಮರದ ಎಡಕ್ಕೆ ನಿಲ್ಲಿಸಿದೆ. ಎರಡು ಬೊಟ್ಟಿನವರನ್ನು ಬಲಕ್ಕೆ. ನಾಲ್ಕು ಬೊಟ್ಟಿನವರು ನಡುವೆ ನಿಲ್ಲಲಿ ಎಂದೆ. ಎಡಗಡೆ ತುಂಬಿತು, ನೆರೆದ ತಲೆಗಳು, ನಡುವಯಸ್ಸಿನವರು, ಹಿಂದಿನ ದಿನ ಬಂದಿದ್ದ ನಾಲ್ಕೈದು ತಾಯಂದಿರು. ಬಲಗಡೆ ಲಂಗದ ಹುಡುಗಿಯರು, ದನ ಕಾಯುವ ಹುಡುಗರು, ಗದ್ದಲವೋ ಗದ್ದಲ. ನಡುವೆ ಇಬ್ಬರು ಗಂಡಸರು ಬಂದು ನಿಂತರು. ಆಮೇಲೆ, ಎರಡೂ ಕೈ ಸೊಂಟಕ್ಕೆ ಕೊಟ್ಟುಕೊಂಡು ನಿಂಗಮ್ಮ ಬಂದಳು. ಆಮೇಲೆ ಯಾರೂ ಬರಲಿಲ್ಲ.

"ಎಲ್ಲಿ ಮಿಕ್ಕವರು?" ಎಂದೆ. ಜನ ಅತ್ತಿತ್ತ ನೋಡಿದರು. ಈಗಷ್ಟೇ ಮದುವೆಯಾಗಿ ಮಕ್ಕಳು ಹೆರಬೇಕಾದ ವಯಸ್ಸಿನವರು ನಿಲ್ಲಬೇಕಾಗಿದ್ದ ಜಾಗ ಬಯಲಾಗಿ ಬಿದ್ದಿತ್ತು. ಆ ಬಯಲಿನಲ್ಲಿ ಹೆಂಗಸೆಂದರೆ ಆ ಬಸುರಿ ಒಬ್ಬಳೇ ನಿಂತಿದ್ದಳು.

"ಈ ತಿರುಗಣೆ ನಾನು ಮೊದಲು ತಂದದ್ದು ಯಾವ ವರ್ಷ, ಜ್ಞಾಪಕ ಉಂಟೆ ಗೌಡರೇ?"

ಕರೀಗೌಡರ ಮುಖ ನೋಡಿದರೆ ಜ್ಞಾಪಕ ಬಂದದ್ದು ಗೊತ್ತಾಗುತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಬಂದ ಆ ವಿಷಮಶೀತ ಜ್ವರದ ವರ್ಷ. ಮುದುಕರನ್ನು ಬಿಟ್ಟು ಹರೆಯದವರನ್ನು ಹೊತ್ತುಕೊಂಡು ಹೋದ ಜ್ವರ. ಬಸುರಿಯರು, ಬಾಣಂತಿಯರು, ಅವರ ಹಸುಗೂಸುಗಳು. ಸತ್ತ ಆ ಹರೆಯದ ತಾಯಂದಿರು ಬದುಕಿದ್ದರೆ ಮುಂದಿನ ನಾಲ್ಕೈದು ವರ್ಷ ಇನ್ನಷ್ಟು ಹೆರುತ್ತಿದ್ದರು. ಆ ಕೂಸುಗಳೂ ಹುಟ್ಟಲಿಲ್ಲ. ಈಗ ತಾಯಂದಿರಾಗಬೇಕಾಗಿದ್ದವರು ಸತ್ತ, ಹುಟ್ಟದ ಆ ಕೂಸುಗಳೇ.

ಆಗ ಜನರಿಂದ ದೂರ, ಬೇಲಿ ಪಕ್ಕದಲ್ಲಿ ನಿಂತಿದ್ದ ಚಿಕ್ಕತಾಯಿ ಮಾತಾಡಿದಳು. ಜೋರಾಗಿ ಏನಲ್ಲ.

"ನನ್ ಮಗಳು ಅಲ್ಲಿ ನಿಂತ್ಕಬೇಕಾಗಿತ್ತು ಅಯ್ನೋರೇ. ನಿಂಗವ್ವನ ಪಕ್ಕದಲ್ಲಿ. ಅವ್ಳಿಗೂ ನೀವೇ ನಾಕು ಬೊಟ್ಟು ಆಕಿದ್ರಿ. ಮಳೆ ನಿಂತ್ ಮೇಲೆ ಜ್ವರ ಬಂದು ಎತ್ಕಂಡು ಓಯ್ತು."

ಎಡಗಡೆಯ ಸಾಲಿನಿಂದ ಒಬ್ಬ ಹೆಂಗಸು, "ನಮ್ ದೇವೀರಿನೂ" ಎಂದಳು. ಇನ್ನೊಬ್ಬಳು, "ನಮ್ಮಕ್ಕ ಬಸ್ರಿ ಎಂಗ್ಸು, ಒಟ್ಟೇಲಿ ಇದ್ದುದ್ರ ಸಮೇತ" ಎಂದಳು. ಗೌಡರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಮನೆಯಿಂದಲೂ ಎರಡು ಕೂಸು ಹೋಗಿದ್ದವು. ಎಲ್ಲರ ಕಣ್ಣೂ ಆ ಬಯಲಿನ ಮೇಲಿತ್ತು. ಅಷ್ಟು ವರ್ಷ ಹಳೆಯ ದುಃಖವೆಂದುಕೊಂಡದ್ದು ಅಲ್ಲಿ ಹೊಸದಾಗಿ ಕಾಣಿಸಿಕೊಂಡಿತ್ತು. ನಾನು ಹತಾರ ಒರೆಸುತ್ತ ಕೂತೆ.

ಮೊದಲು ಮಾತಾಡಿದವರು ಕರೀಗೌಡರೇ. "ದೊಡ್ಡರೋಗ ಬಂದು ಕರುಗಳೆಲ್ಲ ಸತ್ವಲ್ಲ, ಜ್ಞಾಪಕ ಐತಾ? ಅಸ ಎಲ್ಲ ಉಳ್ಕಂಡೋ, ಆ ವರ್ಷ ಆಲ್ಗೇನೂ ಮೋಸ ಆಗ್ನಿಲ್ಲ. ಮೂರು ವರ್ಷದ ಮೇಲೆ ಕಡಸುಗಳೇ ಇಲ್ಲ, ಮಜ್ಗೆಗೂ ಗತಿ ಇಲ್ಲ. ಆಗ ನಾವು ಆಲ್ ಕರಿಯೋಳ ಕೈಯ ಬೈದ್ವಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಂಗಾರೆ ಇದು ಯಾವಾಗ ಸರಿ ಓಯ್ತದೆ ಅಯ್ನೋರೇ?" ಎಂದರು.

ಬಲಗಡೆಯ ಗದ್ದಲವನ್ನು ತೋರಿಸಿದೆ. ಈ ಎರಡು ಬೊಟ್ಟಿನ ಹುಡುಗಿಯರು ತಾಯಂದಿರಾದಾಗ ಅಟ್ಟದ ತೊಟ್ಟಿಲುಗಳು ಇಳಿಯುತ್ತವೆ ಎಂದೆ. ಆದರೆ ನಡುವಿನ ಈ ಮೂವರ ಮಕ್ಕಳು ಎಷ್ಟಾದರೂ ಕೆಲವರೇ. ಆ ಮಕ್ಕಳು ದೊಡ್ಡವರಾದಾಗ ಮತ್ತೊಮ್ಮೆ ಒಂದಿಷ್ಟು ವರ್ಷ ತೊಟ್ಟಿಲು ಕಡಿಮೆಯಾಗುತ್ತದೆ, ಇಷ್ಟು ಮೋಸವಲ್ಲ, ಆದರೂ ಆಗುತ್ತದೆ. ಆಗ ಇನ್ನು ಯಾರ ಕೈಯನ್ನೂ ದೂರಬೇಡಿ ಎಂದೆ. ಗೌಡರು ತಲೆಯಾಡಿಸಿದರು. ಅವರ ಹೆಂಡತಿ ನಿಂಗಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಸುರಿಗೆ ನಾನು ದಾಕು ಹಾಕಲಿಲ್ಲ.

ದಾಕು ಹಾಕಿ ಒಂದು ವಾರದ ಮೇಲೆ ಅದು ಎದ್ದಿದೆಯೇ ಎಂದು ನೋಡಲು ಹೋಗಬೇಕು. ಹೊಸಬರು ಇದನ್ನು ಎಂದೂ ತಪ್ಪಿಸಬಾರದು. ಆ ವಾರ ಮಳೆ ಹಿಡಿಯಿತು. ನಾನು ಹೋಗುವಾಗ ಹಳ್ಳ ತುಂಬಿ ಹರಿಯುತ್ತಿತ್ತು, ತಗ್ಗುವವರೆಗೆ ಈಚೆ ದಡದಲ್ಲಿ ಕಾದೆ. ಗಾಡಿ ಈ ಹಳ್ಳಕ್ಕೆ ಇಳಿದಿದ್ದರೆ ಎನ್ನುವ ಯೋಚನೆ ಬಿಡಲೊಲ್ಲದು. ಊರಿಗೆ ಸೇರಿ ನೇರ ಚಿಕ್ಕತಾಯಿಯ ಮನೆಗೆ ಹೋದರೆ ಬಾಗಿಲಿಗೆ ಬೀಗ. ಗುರುಪುರಕ್ಕೆ ಹೊರಟೇ ಹೋದಳು ಎಂದುಕೊಂಡೆ. ಕಾಲು ಎಳೆಯುತ್ತ ಗೌಡರ ಮನೆಗೆ ಬಂದೆ.

ಹಿತ್ತಿಲಲ್ಲಿ ಬಿಸಿನೀರಿನ ಹಂಡೆಯ ಪಕ್ಕ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಚಿಕ್ಕತಾಯಿ ನೀರು ಹಾಕುತ್ತಿದ್ದಳು. ನೀರು ಹೊಯ್ದು ಕೊಡುತ್ತಿದ್ದವಳು ಗೌಡರ ಹೆಂಡತಿ.

"ಅಡ್ಡ ಇತ್ತು ಅಯ್ನೋರೇ" ಎಂದಳು ಆ ಅತ್ತೆ, ನಾನು ಕೇಳುವ ಮೊದಲೇ. "ಅಳ್ಳ ಬೇರೆ ತುಂಬಿತ್ತು. ನಾನೇ ಓಗಿ ಕರ್ಕಂಡ್ ಬಂದೆ. ಒಟ್ಟೆ ನೀವಿ ನೀವಿ ತಿರುಗ್ಸುದ್ಲು, ಮಾರಾಯ್ತಿ." ಆಮೇಲೆ, "ಎಣ್ಣು ಮಗ" ಎಂದಳು. ಆ ಮಾತನ್ನು ಸೀಗೆಮಾಳದಲ್ಲಿ ಅಷ್ಟು ಹಿಗ್ಗಿನಿಂದ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಕೂಸಿಗೆ ಕೆಲವು ತಿಂಗಳು ತುಂಬಿದ ಮೇಲೆ ದಾಕು ಹಾಕಲು ಹೋದೆ. ಎಂದಿನಂತೆ ಚಿಕ್ಕತಾಯಿ ತೋಳು ಹಿಡಿದುಕೊಂಡಳು. ಹುಕುಂ ಪ್ರಕಾರ ಎರಡು ಬೊಟ್ಟು ಹಾಕಿ ಹತಾರ ಎತ್ತಿದೆ. ಅವಳು ತೋಳು ಬಿಡಲಿಲ್ಲ.

"ನಾಕು ಆಕಿ ಅಯ್ನೋರೇ" ಎಂದಳು.

"ಈಗ ಎರಡೇ ಕಣಮ್ಮ."

"ಗೊತ್ತು. ಇವ್ಳಿಗೆ ನಾಕು ಆಕಿ. ಆ ಸಾಲ್ಗೆ ಒಬ್ಳು ಬರ್ಲಿ."

ನಿಂಗಮ್ಮನ ಮುಖ ನೋಡಿದೆ. ಅವಳು ತನ್ನ ರಟ್ಟೆಯ ನಾಲ್ಕು ಬೊಟ್ಟನ್ನು ಸವರಿಕೊಳ್ಳುತ್ತ, ಹೂಂ ಎಂದಳು. ನಾನು ಇನ್ನೆರಡು ಹಾಕಿದೆ. ಕೂಸು ಅಳಲಿಲ್ಲ, ಅತ್ತದ್ದು ಚಿಕ್ಕತಾಯಿ.

ತಪಾಸಣೆಗೆ ಬಂದ ಶಾಮಣ್ಣನವರು ಆ ದಿನ ಅದೇಕೋ ಕುದುರೆಯಿಂದ ಇಳಿದರು. "ಇದೇನಯ್ಯ, ಇದಕ್ಕೊಂದಕ್ಕೆ ನಾಲ್ಕು?" ಎಂದರು. ಕೈ ತಪ್ಪಿತು ಸಾರ್ ಎಂದೆ. ಈಗ ಸೇರುತ್ತಿರುವ ನಿಮಗೆ ಹೇಳುವುದಿಷ್ಟೆ. ನನ್ನ ಹಾಗೆ ತೋಳು ನೋಡುತ್ತ ಸೀಗೆಮಾಳಕ್ಕೆ ಹೋದರೆ, ಅಲ್ಲಿ ಒಬ್ಬ ಹುಡುಗಿಯ ತೋಳು ಅವಳ ವಯಸ್ಸಿಗೆ ಹೊಂದುವುದಿಲ್ಲ. ಅದನ್ನು ಸರಿಮಾಡಲು ಹೋಗಬೇಡಿ. ಅವಳು ನಡುವಿನ ಸಾಲಿನವಳು.